ಇಳಿಜಾರು ದಿಂಬು: ಎದೆಯುರಿಗೆ ಸರಳ ಪರಿಹಾರ



ರಾತ್ರಿ ಊಟವಾದ ಕೂಡಲೇ ಮಲಗಿದ ಹಿರಿಯರು ನಡುರಾತ್ರಿ ಎದ್ದು ಕುಳಿತು ‘ಎದೆಯುರಿ, ಹುಳಿತೇಗು’ ಎನ್ನುವುದನ್ನು ನೀವು ಕೇಳಿರಬಹುದು. ಮಲಗಿದಾಗಲೇ ಇದು ಹೆಚ್ಚುವುದೇಕೆ?

ಅನ್ನನಾಳವು ಜಠರವನ್ನು ಸೇರುವಲ್ಲಿ ಉಂಗುರದಂತಹ ಸ್ನಾಯುವೊಂದಿದೆ. ಆಹಾರ ಇಳಿಯುವಾಗ ತೆರೆದು, ಅನಂತರ ಮುಚ್ಚಿಕೊಳ್ಳುವುದು ಅದರ ಕೆಲಸ. ಅದು ಸಡಿಲಗೊಂಡರೆ ಜಠರದ ಆಮ್ಲ ಅನ್ನನಾಳಕ್ಕೆ ನುಗ್ಗುತ್ತದೆ. ನಿಂತಿರುವಾಗ ಗುರುತ್ವಾಕರ್ಷಣೆ ಆಮ್ಲವನ್ನು ಕೆಳಗೇ ಉಳಿಸುತ್ತದೆ; ಸಮತಟ್ಟಾಗಿ ಮಲಗಿದಾಗ ಆ ನೆರವು ತಪ್ಪುತ್ತದೆ.

ಬೆಣೆಯಾಕಾರದ ದಿಂಬು ಈ ನೆರವನ್ನು ಮರಳಿ ಕೊಡುತ್ತದೆ. ಅದರ ಉದ್ದ 60 ಸೆಂ.ಮೀ., ತಲೆಯ ಕಡೆಯ ಎತ್ತರ 20 ಸೆಂ.ಮೀ. ಎಂದುಕೊಳ್ಳಿ. ಎತ್ತರವನ್ನು ಉದ್ದದಿಂದ ಭಾಗಿಸಿ, ತ್ರಿಕೋನಮಿತಿಯ ಕೋಷ್ಟಕ ನೋಡಿದರೆ ಇಳಿಜಾರು ಸುಮಾರು 18 ಡಿಗ್ರಿ.

ಎರಡು ಸಾಮಾನ್ಯ ದಿಂಬುಗಳನ್ನು ಪೇರಿಸಿದರೆ ಸಾಲದೇ? ಸಾಲದು. ಆಗ ತಲೆ, ಕತ್ತು ಮಾತ್ರ ಮೇಲೇಳುತ್ತವೆ. ಮೈ ಮಡಿಸಿದಂತಾಗಿ ಹೊಟ್ಟೆಯ ಮೇಲೆ ಒತ್ತಡವೂ ಬೀಳಬಹುದು. ಸೊಂಟದ ಮೇಲಿನ ಭಾಗವೆಲ್ಲ ಒಂದೇ ಇಳಿಜಾರಿನಲ್ಲಿರಬೇಕು. ದಿಂಬು ಕೊಳ್ಳಲಾಗದವರು ಮಂಚದ ತಲೆಗಡೆಯ ಎರಡು ಕಾಲುಗಳ ಕೆಳಗೆ 15ರಿಂದ 20 ಸೆಂ.ಮೀ. ಎತ್ತರದ, ಅಲುಗಾಡದ ಮರದ ತುಂಡುಗಳನ್ನಿಡಬಹುದು. ಎಡಮಗ್ಗುಲಾಗಿ ಮಲಗುವುದು, ಊಟಕ್ಕೂ ನಿದ್ರೆಗೂ ಎರಡು ಮೂರು ಗಂಟೆ ಅಂತರವಿಡುವುದು ಕೂಡ ಉಪಯುಕ್ತ.

ಹಿರಿಯರಿಗಷ್ಟೇ ಅಲ್ಲ, ಬಸುರಿಯರಿಗೂ ಎದೆಯುರಿ ಸಾಮಾನ್ಯ. ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿ ದೇವಾಲಯಕ್ಕೆ ಮಕ್ಕಳಾಗಲೆಂದು ಹರಕೆ ಹೊತ್ತು ಅನೇಕ ದಂಪತಿಗಳು ಬರುತ್ತಾರೆ. ಅಷ್ಟು ಹಂಬಲಿಸಿದ ಬಸಿರಿನಲ್ಲೂ ರಾತ್ರಿಗಳು ಕಷ್ಟವಾಗಬಹುದು. ಹಾರ್ಮೋನುಗಳಿಂದ ಆ ಸ್ನಾಯು ಸಡಿಲಗೊಳ್ಳುತ್ತದೆ. ಬೆಳೆಯುವ ಗರ್ಭಕೋಶ ಜಠರವನ್ನು ಮೇಲಕ್ಕೊತ್ತುತ್ತದೆ. ಇಳಿಜಾರು ಹಾಸಿಗೆ ತಾಯಿಗೆ ನೆಮ್ಮದಿ ಕೊಡಬಲ್ಲದು. ಆದರೆ ಹುಟ್ಟಿದ ಮಗುವನ್ನು ಅದರ ಮೇಲೆ ಮಲಗಿಸಲೇಬಾರದು. ಹಸುಳೆ ಜಾರಿ, ಕತ್ತು ಬಾಗಿ, ಉಸಿರು ಕಟ್ಟುವ ಅಪಾಯವಿದೆ. ಅದಕ್ಕೆ ಸಮತಟ್ಟಾದ, ಗಟ್ಟಿ ಹಾಸಿಗೆಯೇ ಸರಿ; ಬೆನ್ನಿನ ಮೇಲೆಯೇ ಮಲಗಿಸಬೇಕು.

ಇನ್ನೊಂದು ಎಚ್ಚರಿಕೆ. ಎದೆಯಲ್ಲಿ ಹಿಂಡಿದಂತಹ ನೋವು, ತಣ್ಣನೆ ಬೆವರು, ತೋಳು ಅಥವಾ ದವಡೆಗೆ ಹರಡುವ ನೋವು ಕಂಡರೆ ಅದನ್ನು ಎದೆಯುರಿಯೆಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಚಪ್ಪಟೆಯಾಗಿ ಮಲಗಿದರೆ ಉಸಿರಾಡಲಾಗದೆ ದಿಂಬಿನ ಮೇಲೆ ದಿಂಬು ಬೇಕಾಗುತ್ತಿದ್ದರೆ, ಅದು ಹೃದಯ ದುರ್ಬಲವಾಗಿರುವುದರ ಸೂಚನೆಯಾಗಿರಬಹುದು. ‘ಎಷ್ಟು ದಿಂಬು ಹಾಕಿಕೊಳ್ಳುತ್ತೀರಿ?’ ಎಂದು ವೈದ್ಯರು ಕೇಳುವುದು ಇದಕ್ಕಾಗಿಯೇ. ನಿಮ್ಮ ಅಜ್ಜನೋ ಅಜ್ಜಿಯೋ ಇತ್ತೀಚೆಗೆ ದಿಂಬು ಹೆಚ್ಚಿಸಿಕೊಂಡಿದ್ದಾರೆಯೇ? ಗಮನಿಸಿ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಲು ಮನೆಯವರಿಗೆ ತಿಳಿಸಿ.