ಸೂರ್ಯ ರಾತ್ರಿ ಎಲ್ಲಿಗೆ ಹೋಗ್ತಾನೆ? ಮೂಸಂಬಿ, ಟಾರ್ಚ್ ಇದ್ರೆ ಮನೆಯಲ್ಲೇ ತೋರಿಸಬಹುದು

ನಾಲ್ಕೈದು ವರ್ಷದ ಮಕ್ಕಳಿರುವ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ. "ಮಲಗೋಕೆ ಹೋದ ಕಣೋ" ಎಂದು ಅಜ್ಜಿ ಹೇಳಿದರೆ ಮೂರು ವರ್ಷದ ಮಗುವಿಗೆ ಅಷ್ಟು ಸಾಕು. ಐದರ ಹೊತ್ತಿಗೆ ಆ ಉತ್ತರ ಸಾಕಾಗಲ್ಲ, ಕೈಯಲ್ಲಿ ಮಾಡಿ ತೋರಿಸಬೇಕು.

ಅಂಗನವಾಡಿ, ಎಲ್‌ಕೆಜಿಗಳಲ್ಲಿ ಸಾಮಾನ್ಯವಾಗಿ ಮಾಡಿಸೋದು ಒಂದೇ: ಹಾಳೆಯ ಅರ್ಧಕ್ಕೆ ಹಳದಿ ಬಳಿದು ಸೂರ್ಯ, ಇನ್ನರ್ಧಕ್ಕೆ ಕಪ್ಪು ಬಳಿದು ಚಂದ್ರ, ನಕ್ಷತ್ರ. ನೋಡಲು ಚೆನ್ನಾಗಿರುತ್ತೆ. ಆದರೆ ಸೂರ್ಯ ಹೋದಮೇಲೇ ಚಂದ್ರ ಬರೋದು ಎಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಕೂರುವುದೂ ಇಲ್ಲಿಂದಲೇ. ಹುಣ್ಣಿಮೆ ಕಳೆದು ಏಳೆಂಟು ದಿನಕ್ಕೆ ಬೆಳಿಗ್ಗೆ ಶಾಲೆಗೆ ಹೊರಟಾಗ ಮಕ್ಕಳಿಗೆ ಪಶ್ಚಿಮದ ಆಕಾಶ ತೋರಿಸಿ, ಅರ್ಧ ಚಂದ್ರ ಬಿಸಿಲಲ್ಲೇ ನಿಂತಿರ್ತಾನೆ. ಹಾಗಾಗಿ ಹಗಲಿನ ಅರ್ಧದಲ್ಲೂ ಒಂದು ಮಸುಕು ಚಂದ್ರ ಅಂಟಿಸಿದರೆ ತಪ್ಪೇನಿಲ್ಲ.

ಹಗಲು ರಾತ್ರಿ ಆಗೋದು ಭೂಮಿ ತನ್ನ ಸುತ್ತ ತಾನೇ ತಿರುಗುವುದರಿಂದ. ಇದಕ್ಕೆ ಮೂಸಂಬಿಗಿಂತ ಒಳ್ಳೆ ಸಾಧನ ಬೇಡ. ಹಣ್ಣಿನ ತೊಟ್ಟಿನ ಕಡೆಯಿಂದ ಕೆಳಕ್ಕೆ ಒಂದು ಊದಿನಕಡ್ಡಿ ಚುಚ್ಚಿ (ಇದು ದೊಡ್ಡವರ ಕೆಲಸ). ಪಕ್ಕಕ್ಕೆ ಹಿಟ್ಟಿನ ಉಂಡೆಯಲ್ಲಿ ಮಾಡಿದ ಪುಟ್ಟ ಗೊಂಬೆ ಅಂಟಿಸಿ, ಅದಕ್ಕೆ ಮಗುವಿನ ಹೆಸರೇ ಇಡಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮೇಲೆ ಅಲುಗದಂತೆ ಇಡಿ. ಈಗ ಕಡ್ಡಿ ಹಿಡಿದು, ನಿಮ್ಮೆದುರಿನ ಮೈ ಎಡದಿಂದ ಬಲಕ್ಕೆ ಸರಿಯುವಂತೆ ಮೆಲ್ಲಗೆ ತಿರುಗಿಸಿ. ಭೂಮಿ ತಿರುಗೋದೂ ಹೀಗೇ, ಪಶ್ಚಿಮದಿಂದ ಪೂರ್ವಕ್ಕೆ. ಗೊಂಬೆ ಬೆಳಕಿಗೆ ಬಂದರೆ ಬೆಳಗು, ಹಿಂದಕ್ಕೆ ಹೋದರೆ ರಾತ್ರಿ. ಟಾರ್ಚ್ ಇದ್ದಲ್ಲೇ ಇದೆ ಅನ್ನೋದನ್ನ ಮಗುವೇ ಕಂಡುಕೊಳ್ಳಲಿ, ನಾವು ಮೊದಲೇ ಹೇಳಿಬಿಡೋದು ಬೇಡ.

ಹಗಲಿಗೆ ಇನ್ನೊಂದು ಆಟವಿದೆ. ಅಂಗಳದಲ್ಲಿ ಕೋಲು ನೆಟ್ಟು, ಗಂಟೆಗೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಬೆಳಿಗ್ಗೆ ಉದ್ದ, ಮಧ್ಯಾಹ್ನ ಗಿಡ್ಡ, ಸಂಜೆ ಮತ್ತೆ ಉದ್ದ. ನಮ್ಮ ರಾಜ್ಯ ಪೂರ್ತಿ ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವುದರಿಂದ ವರ್ಷಕ್ಕೆ ಎರಡು ದಿನ ನಡುಮಧ್ಯಾಹ್ನ ನೆರಳೇ ಕಾಲಡಿ ಸೇರಿಬಿಡುತ್ತೆ. ಬೆಂಗಳೂರಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಬೇರೆ ಊರುಗಳಲ್ಲಿ ದಿನ ಹಿಂದೆ ಮುಂದೆ. ನೆರಳು ನೋಡಿಸಿ, ಸೂರ್ಯನನ್ನು ನೇರವಾಗಿ ನೋಡಲು ಮಾತ್ರ ಬಿಡಬೇಡಿ.

ಕತ್ತರಿಸಿ ಅಂಟಿಸುವ ಕೆಲಸಕ್ಕೆ ಹೊಸ ಚಾರ್ಟ್ ಪೇಪರೇ ಆಗಬೇಕೆಂದಿಲ್ಲ. ಹಳೇ ಲಗ್ನಪತ್ರಿಕೆ, ಕಿರಾಣಿ ಅಂಗಡಿಯ ರಟ್ಟಿನ ಡಬ್ಬ, ಮೈದಾ ಅಂಟು ಸಾಕು. ಹಗಲಿನ ಕಡೆಗೆ ತಾವರೆ, ಕಾಗೆ; ರಾತ್ರಿ ಕಡೆಗೆ ಪಾರಿಜಾತ, ಬಾವಲಿ, ಗೂಬೆ. (ಗೂಬೆ ಅಪಶಕುನ ಅನ್ನೋರು ಇದ್ದಾರೆ, ಹೊಲದ ಇಲಿ ಹಿಡಿಯೋದು ಅದೇ ಅಂತ ರೈತರಿಗೆ ಗೊತ್ತು.) ಹುಣಸೆ ಎಲೆ ಕತ್ತಲಾದ ಮೇಲೆ ಮಡಚಿಕೊಳ್ಳೋದನ್ನ ಒಂದು ಸಂಜೆ ಕರೆದೊಯ್ದು ತೋರಿಸಿ. ರಾತ್ರಿ ಎಂದರೆ ಎಲ್ಲರೂ ಮಲಗುವ ಹೊತ್ತೂ ಅಲ್ಲವಲ್ಲ. ನೈಟ್ ಡ್ಯೂಟಿ ನರ್ಸ್, ಬಸ್ ಡ್ರೈವರ್, ನಸುಕಿನಲ್ಲಿ ಪೇಪರ್ ಹಾಕುವ ಹುಡುಗ ಅಲ್ಲಿರಲಿ. ಅಪ್ಪ ಅಥವಾ ಅಮ್ಮ ರಾತ್ರಿ ಪಾಳಿಗೆ ಹೋಗುವ ಮನೆಯ ಮಗು ಆ ಚಿತ್ರವನ್ನ ಬೇಗ ಬಿಡಲ್ಲ.

ಇನ್ನು ಅಂಗಡಿಯವರಿಗೂ ಪೋಷಕರಿಗೂ ಸೇರಿದ ಮಾತು. ನಕ್ಷತ್ರಕ್ಕೆಂದು ಮಣಿ, ಚಿಕ್ಕ ಗುಂಡಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ; ಚಮಕಿ ಕಾಗದ ಕತ್ತರಿಸಿದರೆ ಆಯ್ತು. ಅದಕ್ಕಿಂತ ದೊಡ್ಡ ಅಪಾಯ ಮಿಣಮಿಣ ಲೈಟು, ಪುಟ್ಟ ಟಾರ್ಚ್‌ಗಳೊಳಗಿನ ಬಿಲ್ಲೆಯಂಥ ಬಟನ್ ಸೆಲ್. ನುಂಗಿದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟಗಾಯ ಮಾಡಬಲ್ಲದು. ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರುವ ಮಾಲನ್ನೇ ಅಂಗಡಿಯವರು ತರಿಸಲಿ, ಕೊಳ್ಳುವವರು ತಿರುಗಿಸಿ ನೋಡಿ ಕೊಳ್ಳಲಿ. ಹಳೇ ಸೆಲ್‌ನಲ್ಲೂ ಸುಡುವಷ್ಟು ಚಾರ್ಜ್ ಉಳಿದಿರುತ್ತೆ, ಆಡಲು ಕೊಡಬೇಡಿ. ಮಗು ನುಂಗಿದೆ ಅಂತ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬೇಡಿ, ನೋವು ಬರಲಿ ಎಂದು ಕಾಯಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.