ಮೂಲವೋ, ಪ್ರತಿರೂಪವೋ?

ಕಂಪ್ಲಿಯ ಗೃಹಸ್ಥರೊಬ್ಬರು ತಮ್ಮ ತಂದೆಯವರ ಕಾಲದ ಜೀಪನ್ನು ಪುನಃ ಓಡಿಸಬೇಕೆಂಬ ಹಂಬಲದಿಂದ ಹೊಸಪೇಟೆಯ ಕಾರ್ಯಾಗಾರವೊಂದರಲ್ಲಿ ಬಿಚ್ಚಿಸಿದ್ದರು. ವ್ಯಾಪಾರಿಯೊಬ್ಬನು ಎಂಜಿನ್ನಿನ ಕೆಲವು ಬಿಡಿಭಾಗಗಳನ್ನು ತಂದು, “ಇವೆಲ್ಲ ಅಸಲಿ” ಎಂದು ದುಪ್ಪಟ್ಟು ಬೆಲೆ ಹೇಳಿದ್ದನು. “ಓಲೆಗರಿಗಳಲ್ಲಿ ಮೂಲವನ್ನೂ ಪ್ರತಿಯನ್ನೂ ಬೇರ್ಪಡಿಸುವವರು ತಾವು, ಇದನ್ನೂ ಒಮ್ಮೆ ನೋಡಿರಿ” ಎಂದು ಗೃಹಸ್ಥರು ನನ್ನನ್ನು ಕರೆದೊಯ್ದರು. ಯಂತ್ರವಿದ್ಯೆಯನ್ನು ನಾನರಿಯೆ. ಆದರೆ ಅಲ್ಲಿಯ ಹಿರಿಯ ಮೇಸ್ತ್ರಿ ತೋರಿಸಿದ ಪರೀಕ್ಷೆಯು ಗ್ರಂಥಸಂಪಾದನೆಯ ಕ್ರಮವನ್ನೇ ಹೋಲುತ್ತಿತ್ತು.

ಮೊದಲನೆಯದು ಗುರುತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಒಂದೇ ಮಾದರಿಯ ಜೀಪನ್ನು ತಯಾರಿಸಿದವು. ಫೋರ್ಡಿನವರು ಬೋಲ್ಟುಗಳ ಮೇಲೂ ‘ಎಫ್’ ಅಕ್ಷರವನ್ನು ಒತ್ತುತ್ತಿದ್ದರು. ಆದರೆ ಅಕ್ಷರವನ್ನು ಇಂದು ಯಾರಾದರೂ ಒತ್ತಬಲ್ಲರು, ಅದೊಂದನ್ನೇ ನಂಬಲಾಗದು.

ಎರಡನೆಯದು ಅಳತೆ. ಆ ಜೀಪಿನದೂ ಹಳೆಯ ಅಂಬಾಸಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನದೂ ಇಂಚಿನ ಲೆಕ್ಕ. 3/8 ಇಂಚಿನ ಬೋಲ್ಟಿನ ತಲೆಗೆ ಸಾಮಾನ್ಯವಾಗಿ 9/16 ಇಂಚಿನ ಪಾನಾ ಬೇಕು. ಅದು ಸುಮಾರು 14.3 ಮಿ.ಮೀ. ಅಲ್ಲಿ 14 ಮಿ.ಮೀ. ಪಾನಾ ಹೊಂದಿಕೊಂಡರೆ ಬೋಲ್ಟು ಈಚಿನದು.

ಮೂರನೆಯದು ಎರಕ. ಕರಗಿದ ಕಬ್ಬಿಣವು ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ಮೂಲ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಎರಕ ಹೊಯ್ದರೆ, ಕಡೆಯದೆ ಬಿಟ್ಟ ಮೈಯೆಲ್ಲ ಅಷ್ಟು ಕಿರಿದಾಗುತ್ತದೆ. ಉಬ್ಬಕ್ಷರಗಳ ಅಂಚು ಮಬ್ಬಾಗುತ್ತದೆ. ವ್ಯಾಪಾರಿ ತಂದ ನೀರಿನ ಪಂಪು ಜೀಪಿನ ಹಳೆಯ ಪಂಪಿನ ಪಕ್ಕದಲ್ಲಿ ಹೀಗೆಯೇ ಸಿಕ್ಕಿಬಿದ್ದಿತು.

ನಾಲ್ಕನೆಯದು ಎಂಜಿನ್ನಿನ ಸಂಖ್ಯೆ. ಅದನ್ನು ಒತ್ತಿದ ಜಾಗದಲ್ಲಿ ಉಜ್ಜಿದ ಗಾಯವಿದ್ದರೆ ಎಚ್ಚರ. ಸಂಖ್ಯೆಯು ನೋಂದಣಿ ಪತ್ರಕ್ಕೂ ತಾಳೆಯಾಗಬೇಕು.

ಆದರೆ ಅಸಲಿಯೆಂದ ಮಾತ್ರಕ್ಕೆ ಎಲ್ಲವೂ ಯೋಗ್ಯವಲ್ಲ. ದಶಕಗಳ ಕಾಲ ಪೊಟ್ಟಣದಲ್ಲಿದ್ದ ಮೂಲ ರಬ್ಬರು ಕೊಳವೆಯನ್ನು ಮೇಸ್ತ್ರಿ ಬಗ್ಗಿಸಲು ಅದು ಬಿರಿಯಿತು. ಸಂಡೂರಿನ ಏರಿನಲ್ಲಿ ಅಂತಹ ಕೊಳವೆ ಒಡೆದರೆ ಎಂಜಿನ್ನೇ ಕುದಿದು ಕೆಡುವುದು. ಗೃಹಸ್ಥರು ಹೊಸ ಕೊಳವೆಯನ್ನು ಕೊಂಡರು. ಪಂಪನ್ನೂ ಪ್ರತಿರೂಪದ ಬೆಲೆಗೇ ಪಡೆದರು.

ಹಂಪಿಯ ಕಲ್ಲಿನ ರಥದ ಮುಂದಿನ ಆನೆಗಳು ಮೂಲದವಲ್ಲ. ಅವುಗಳ ಹಿಂದೆ ಕುದುರೆಗಳ ಕಾಲುಗಳ ಅವಶೇಷ ಇಂದಿಗೂ ಕಾಣುತ್ತದೆ. ಆನೆಗಳಿಂದ ರಥಕ್ಕೆ ಕುಂದಿಲ್ಲ, ಕುದುರೆಗಳ ಗುರುತನ್ನು ಯಾರೂ ಅಳಿಸಿಲ್ಲವಾದ್ದರಿಂದ. ಪ್ರತಿರೂಪವು ದೋಷವಲ್ಲ, ಮೂಲದ ಹೆಸರು ಹೊತ್ತಾಗ ಅದು ವಂಚನೆ.

ಈಗ ಆ ಜೀಪಿನೊಡನೆ ಒಂದು ಪುಸ್ತಕವಿದೆ. ಯಾವುದು ಮೂಲ, ಯಾವುದು ಹೊಸತು ಎಂದು ಮಕ್ಕಳಿಗಾಗಿ ತಂದೆ ಅದರಲ್ಲಿ ಬರೆದಿಟ್ಟಿದ್ದಾರೆ.