ಬುಟ್ಟಿ ಮರೆಸುವ ಪೆಟೂನಿಯಾ

ಜನವರಿಯಲ್ಲಿ ಬೆಂಗಳೂರಿನ ಯಾವುದೇ ಹಳೆಯ ಬಡಾವಣೆಯಲ್ಲಿ ತಲೆಯೆತ್ತಿ ನಡೆದರೆ ನಾಲ್ಕು ಮನೆಗೊಂದರಲ್ಲಿ ಪೆಟೂನಿಯಾ ತೂಗುತ್ತಿರುತ್ತದೆ. ಬಹಳಷ್ಟು ಕಡೆ ಕಾಣುವುದು ಉದ್ದುದ್ದ ಬೆಳೆದ ನಾಲ್ಕು ಬಳ್ಳಿ, ತುದಿಯಲ್ಲಿ ಒಂದೊಂದು ಹೂ, ಮೇಲೆ ಬೋಳು ಕುಂಡ. ಅಪರೂಪಕ್ಕೊಂದು ಬುಟ್ಟಿ ಮಾತ್ರ ಕಾಲನ್ನು ಅಲ್ಲೇ ಕಟ್ಟಿಹಾಕುತ್ತದೆ. ಸುತ್ತಲೂ ಹೂ, ತಳದವರೆಗೂ ಹೂ. ಬುಟ್ಟಿಯಾಗಲಿ ಮಣ್ಣಾಗಲಿ ಕಣ್ಣಿಗೆ ಬೀಳುವುದೇ ಇಲ್ಲ. ಎರಡೂ ಒಂದೇ ಪ್ಯಾಕೆಟ್ಟಿನ ಬೀಜದಿಂದ ಬಂದಿರಬಹುದು. ಸಾಕಿದ ಕೈ ಬೇರೆ, ಅಷ್ಟೇ. ಆ ಕೈ ಮಾಡಿದ ಕೆಲಸದಲ್ಲಿ ಮುಕ್ಕಾಲು ಪಾಲು ಮೊದಲ ಹೂ ಅರಳುವ ಮುಂಚೆಯೇ ಮುಗಿದಿರುತ್ತದೆ. ಈ ಕಲೆಯಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಅದೇ.

ಪೆಟೂನಿಯಾದ ತವರು ದಕ್ಷಿಣ ಅಮೆರಿಕ. ರಾತ್ರಿ ಪರಿಮಳ ಬೀರಿ ಪತಂಗಗಳನ್ನು ಕರೆಯುವ ಬಿಳಿ ಹೂವಿನ ಜಾತಿಯನ್ನೂ ದುಂಬಿಗಳನ್ನು ಸೆಳೆಯುವ ನೇರಳೆ ಜಾತಿಯನ್ನೂ 1830ರ ದಶಕದಲ್ಲಿ ಯುರೋಪಿನ ತೋಟಗಾರರು ಕೂಡಿಸಿದರು. ಇಂದಿನ ಬಣ್ಣಗಳೆಲ್ಲ ಆ ಸಂಕರದ ಸಂತಾನ. ಬಿಳಿ ಮತ್ತು ಕಡುನೇರಳೆ ಹೂಗಳ ಹತ್ತಿರ ಸಂಜೆ ಹೊತ್ತು ಮೂಗು ಒಯ್ದರೆ ಆ ಹಳೆಯ ಪರಿಮಳ ಈಗಲೂ ಸಿಗುತ್ತದೆ. ಮೊದಲು ಇದು ಪಾತಿಯ ಹೂವಾಗಿಯೇ ಹೆಚ್ಚು ಹೆಸರಾಗಿತ್ತು. ಇಳಿಬೀಳುವ ತಳಿಗಳನ್ನು ಮನೆಮನೆಗೆ ಮುಟ್ಟಿಸಿದವರು ಜಪಾನಿನವರು, ಅದರಲ್ಲೂ ಎರಡು ಪಾನೀಯ ಕಂಪನಿಗಳು! ವಿಸ್ಕಿಗೆ ಹೆಸರಾದ ಸನ್‌ಟೋರಿ 1989ರಲ್ಲಿ ಸರ್ಫೀನಿಯಾ ತಳಿಯನ್ನು ಹೊರತಂದಿತು. ಅದು ಕಡ್ಡಿಯಿಂದ ಬೆಳೆಸುವಂಥದ್ದು. ಬಿಯರ್ ತಯಾರಿಸುವ ಕಿರಿನ್ ರೂಪಿಸಿದ, ಬೀಜದಿಂದಲೇ ಬರುವ ಪರ್ಪಲ್ ವೇವ್‌ಗೆ 1995ರಲ್ಲಿ ಅಮೆರಿಕದ ಆಲ್ ಅಮೆರಿಕ ಸೆಲೆಕ್ಷನ್ಸ್ ಪ್ರಶಸ್ತಿ ಬಂತು.

ಬೆಂಗಳೂರು, ಮೈಸೂರಿನ ಕಡೆಯ ಒಣ ಚಳಿ ಈ ಗಿಡಕ್ಕೆ ಹೇಳಿಮಾಡಿಸಿದ್ದು. ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬುಟ್ಟಿ ತುಂಬಬೇಕೆಂದರೆ ಸೆಪ್ಟೆಂಬರಿನಲ್ಲೇ ಬಿತ್ತಬೇಕು. ಬೀಜ ದೂಳಿನಷ್ಟು ಸಣ್ಣದು. ಒಂದು ಗ್ರಾಮಿಗೆ ಸುಮಾರು 10,000. ಮೊಳೆಯಲು ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚಬಾರದು. ಒದ್ದೆ ಕೋಕೋಪೀಟಿನ ಮೇಲೆ ಉದುರಿಸಿ ನೀರನ್ನು ಮಂಜಿನಂತೆ ಸಿಂಪಡಿಸಿದರೆ ಸಾಕು. ಇಷ್ಟು ತಾಳ್ಮೆಯಿಲ್ಲದವರು ಸಸಿ ತರುವುದೇ ಒಳ್ಳೆಯದು. ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಬುಟ್ಟಿ ಕಟ್ಟುವುದನ್ನು ಮಾತ್ರ ಹತ್ತಿರ ನಿಂತು ನೋಡಬೇಕು. ಬಲ್ಲವರು ಪ್ಲಾಸ್ಟಿಕ್ ಕುಂಡದ ಬದಲು ತಂತಿಯ ಬುಟ್ಟಿಯನ್ನೇ ಆರಿಸುತ್ತಾರೆ, ಏಕೆಂದರೆ ಅದರ ಪಕ್ಕಗಳಲ್ಲೂ ಸಸಿ ನೆಡಬಹುದು. ಒಳಗೆ ತೆಂಗಿನ ನಾರಿನ ಹಾಸು ಕೂರಿಸಿ, ಕೋಕೋಪೀಟ್, ಎರೆಗೊಬ್ಬರ, ಕೊಳೆತ ಎಲೆಗೊಬ್ಬರದ ಹಗುರ ಮಿಶ್ರಣವನ್ನು ಮೂರನೇ ಒಂದು ಭಾಗದವರೆಗೆ ತುಂಬುತ್ತಾರೆ. ಬರೀ ಕೆಮ್ಮಣ್ಣು ತುಂಬಿದರೆ ಕೊಕ್ಕೆಗೂ ಭಾರ, ಬೇರಿಗೂ ಉಸಿರಿಲ್ಲ. ಆಮೇಲೆ ಆ ಮಟ್ಟದಲ್ಲಿ ನಾರನ್ನು ಸೀಳಿ, ಸಸಿಯ ಎಲೆಗಳನ್ನು ಕಾಗದದ ಸುರುಳಿಯೊಳಗೆ ಮೆಲ್ಲನೆ ಸುತ್ತಿ, ಒಳಗಿನಿಂದ ಹೊರಕ್ಕೆ ತೂರಿಸುತ್ತಾರೆ. ಬೇರಿನ ಗಡ್ಡೆ ಮಿಶ್ರಣದ ಮೇಲೆ ಮಲಗುತ್ತದೆ, ಎಲೆ ಹೊರಗೆ ಬರುತ್ತದೆ, ಕಾಗದ ಬಿಚ್ಚಿಕೊಳ್ಳುತ್ತದೆ. ಹೊರಗಿನಿಂದ ಬೇರನ್ನು ಒಳಕ್ಕೆ ದೂಡಿದರೆ ಅದು ಜಜ್ಜಿಹೋಗುತ್ತದೆ; ಅದಕ್ಕೇ ಈ ಉಪಾಯ. ಇನ್ನಷ್ಟು ಮಿಶ್ರಣ ತುಂಬಿ ಎರಡನೆಯ ಸಾಲು ಕೂರಿಸುವಾಗ ಕೆಳಗಿನ ಸಸಿಗಳ ನಡುವಿನ ಖಾಲಿ ಜಾಗಕ್ಕೆ ಸರಿಯಾಗಿ ಮೇಲಿನವು ಬರಬೇಕು. ಬಾಯಲ್ಲಿ ಮೂರು ಸಸಿ, ನೀರು ನಿಲ್ಲಲು ಒಂದು ಅಂಗುಲ ಜಾಗ. ಬುಟ್ಟಿ ಮರೆಯಾಗುವುದು ಮೇಲಿನ ಬಳ್ಳಿ ಇಳಿದು ಬಂದು ಮುಚ್ಚುವುದರಿಂದಲ್ಲ, ಪಕ್ಕದ ಸಸಿಗಳು ತಾವಿದ್ದಲ್ಲೇ ಹಬ್ಬುವುದರಿಂದ.

ಇನ್ನು ಕುಡಿ ಚಿವುಟುವುದು. ಸಸಿ ನಾಲ್ಕು ಅಂಗುಲ ಬೆಳೆದು ಇನ್ನೇನು ಮೊಗ್ಗು ಕಟ್ಟಬೇಕು ಎನ್ನುವಾಗ ಹೆಬ್ಬೆರಳು ತೋರುಬೆರಳಿನ ಉಗುರಿನಿಂದ ನಾಲ್ಕನೆಯ ಗೆಣ್ಣಿನ ಮೇಲೆ ತುದಿ ತೆಗೆಯಬೇಕು. ಬೆಳೆಯುವ ಕುಡಿಯಿಂದ ಕೆಳಗಿಳಿಯುವ ಆಕ್ಸಿನ್ ಎಂಬ ಚೋದಕ ಎಲೆಕಂಕುಳಿನ ಮೊಗ್ಗುಗಳನ್ನು ಮಲಗಿಸಿಟ್ಟಿರುತ್ತದೆ. ಕುಡಿ ಹೋಯಿತೆಂದರೆ ಅವು ಏಳುತ್ತವೆ. ಒಂದು ಬಳ್ಳಿಯಿದ್ದಲ್ಲಿ ಮೂರು ಆಗುತ್ತದೆ. ಆ ಮೂರೂ ಗೇಣುದ್ದವಾದಾಗ ಮತ್ತೊಮ್ಮೆ ಚಿವುಟುತ್ತಾರೆ. ಪ್ರತಿ ಸಲವೂ ಹೂ ಕೆಲವು ವಾರ ಹಿಂದೆ ಬೀಳುತ್ತದೆ. ಪಕ್ಕದ ಮನೆಯ ಗಿಡ ಅರಳಿ ನಗುತ್ತಿರುವಾಗ ನಮ್ಮ ಬುಟ್ಟಿಯಲ್ಲಿ ಬರೀ ಹಸಿರು. ಆಗ ಕೈ ಅಳುಕದೆ ಇರುವುದು ದೊಡ್ಡ ಸಂಗತಿ. ವೇವ್ ಜಾತಿಯವು ತಾವಾಗಿಯೇ ಕವಲೊಡೆಯುತ್ತವೆ, ಒಂದು ಸಲ ಚಿವುಟಿದರೂ ನಡೆದೀತು. ಮಾಮೂಲಿ ತಳಿಗೆ ಎರಡು ಸಲ ಬೇಕೇ ಬೇಕು.

ನೀರಿನದು ದಿನದ ಪರೀಕ್ಷೆ. ತೂಗುವ ಬುಟ್ಟಿಗೆ ಎಲ್ಲ ಕಡೆಯಿಂದಲೂ ಗಾಳಿ. ನೆಲದ ಕುಂಡಕ್ಕಿಂತ ಬೇಗ ಒಣಗುತ್ತದೆ. ಪಳಗಿದವರು ಮೇಲಿನ ಮಣ್ಣು ಮುಟ್ಟಿ ನೋಡುವುದಿಲ್ಲ, ಅಂಗೈಯನ್ನು ತಳಕ್ಕೆ ಕೊಟ್ಟು ಬುಟ್ಟಿಯನ್ನು ತುಸು ಎತ್ತುತ್ತಾರೆ. ಹಗುರವಾದರೆ ನೀರು, ಭಾರವಾದರೆ ನಾಳೆ. ಮಾರ್ಚ್ ಬಿಸಿಲಿಗೆ ದಿನಕ್ಕೆ ಎರಡು ಸಲವೂ ಬೇಕಾಗುತ್ತದೆ. ಕೋಕೋಪೀಟ್ ಪೂರ್ತಿ ಒಣಗಿದರೆ ಕುಗ್ಗಿ ಅಂಚು ಬಿಡುತ್ತದೆ. ಮೇಲೆ ಹೊಯ್ದ ನೀರೆಲ್ಲ ಆ ಸಂದಿನಲ್ಲಿ ಹರಿದು ಕೆಳಗೆ ಸುರಿಯುತ್ತದೆ, ನೋಡುವವರಿಗೆ ಗಿಡ ಕುಡಿದಂತೆ ಕಾಣುತ್ತದೆ. ಆಗ ಬುಟ್ಟಿಯನ್ನು ಇಳಿಸಿ ಬಕೆಟ್ ನೀರಿನಲ್ಲಿ ಗುಳ್ಳೆ ನಿಲ್ಲುವ ತನಕ ಮುಳುಗಿಸಿಡಬೇಕು.

ಇಷ್ಟು ನೀರು ಹರಿದರೆ ಗೊಬ್ಬರದ ಸತ್ವವೂ ಅದರ ಜೊತೆ ಹೋಗುತ್ತದೆ. ವಾರಕ್ಕೊಮ್ಮೆ 19:19:19 ಗೊಬ್ಬರವನ್ನು ಲೀಟರಿಗೆ 2 ಗ್ರಾಮಿನಂತೆ ಕರಗಿಸಿ ಹಾಕುವುದು ಅದಕ್ಕೇ. ಆದರೂ ಎಲೆ ಹಳದಿಯಾದರೆ ಯಾವ ಎಲೆ ಎಂದು ನೋಡಿ. ಬುಡದ ಹಳೆ ಎಲೆ ಹಳದಿಯಾದರೆ ಅದು ಹೆಚ್ಚಾಗಿ ಸಾರಜನಕದ ಕೊರತೆ. ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಬೋರ್‌ವೆಲ್ಲಿನ ಗಡಸು ನೀರು ಮಿಶ್ರಣವನ್ನು ಕ್ಷಾರವಾಗಿಸುತ್ತದೆ; ಅಂಥಲ್ಲಿ ಕಬ್ಬಿಣವಿದ್ದರೂ ಪೆಟೂನಿಯಾದ ಬೇರಿಗೆ ದಕ್ಕುವುದಿಲ್ಲ. ಗೊಬ್ಬರ ಹೆಚ್ಚಿಸಿದರೆ ಗಿಡ ಇನ್ನಷ್ಟು ಸೊರಗುತ್ತದೆ. ಚೀಲೇಟೆಡ್ ಕಬ್ಬಿಣವನ್ನು ಕೊಟ್ಟು, ಆದಷ್ಟೂ ಹಿಡಿದಿಟ್ಟ ಮಳೆನೀರು ಹಾಕಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ.

ಬಾಡಿದ ಹೂ ತೆಗೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ದಳ ಹಿಡಿದು ಎಳೆದರೆ ದಳವಷ್ಟೇ ಬರುತ್ತದೆ, ಹಸಿರು ಪುಷ್ಪಪಾತ್ರೆಯೊಳಗೆ ಬೀಜದ ಕಾಯಿ ಉಳಿದು ಗಿಡದ ಶಕ್ತಿಯೆಲ್ಲ ಅತ್ತ ಹೋಗುತ್ತದೆ. ತೊಟ್ಟು ಸಮೇತ ಕೀಳಬೇಕು. ಬೆರಳಿಗೆ ಅಂಟು ಹತ್ತುತ್ತದೆ, ತೊಳೆದರೆ ಹೋಗುತ್ತದೆ. ನಡುವೆ ಬಳ್ಳಿ ಉದ್ದವಾಗಿ ಬುಡ ಬೋಳಾಯಿತೆಂದರೆ ವಾರಕ್ಕೆ ಎರಡು ಮೂರು ಬಳ್ಳಿಯನ್ನು ಅರ್ಧಕ್ಕೆ ಕತ್ತರಿಸಿ. ಎಲ್ಲವನ್ನೂ ಒಮ್ಮೆಗೇ ಬೋಳಿಸಬೇಡಿ. ಎರಡು ದಿನಕ್ಕೊಮ್ಮೆ ಬುಟ್ಟಿಯನ್ನು ಕಾಲು ಸುತ್ತು ತಿರುಗಿಸುವುದನ್ನೂ ಮರೆಯಬೇಡಿ, ಇಲ್ಲವಾದರೆ ಬೀದಿಯ ಕಡೆ ಹೂ, ಮನೆಯ ಕಡೆ ಕಡ್ಡಿ.

ಮಳೆ ಹಿಡಿದರೆ ಪೆಟೂನಿಯಾದ ಆಟ ಮುಗಿಯಿತು. ಮಲೆನಾಡಿನವರು ಆ ತಿಂಗಳುಗಳಿಗೆ ಟೊರೇನಿಯಾ ನೆಡುವುದು ಜಾಣತನ. ಅರೆನೆರಳಲ್ಲೂ ಅದು ಸೊಗಸಾಗಿ ಇಳಿಯುತ್ತದೆ. ರಣಬಿಸಿಲಿನ ತಾರಸಿಗೆ ಟೇಬಲ್ ರೋಸ್‌ಗೆ ಸಾಟಿಯಿಲ್ಲ.

ಈ ಸಲ ನರ್ಸರಿಗೆ ಹೋದಾಗ ಮೈತುಂಬ ಹೂ ಹೊತ್ತ ಕುಂಡವನ್ನು ಎತ್ತಿಕೊಳ್ಳಬೇಡಿ. ಮೊಗ್ಗಿನ್ನೂ ಬಾರದ, ಗಿಡ್ಡ ಗೆಣ್ಣಿನ, ಎಳೆಯ ಸಸಿಗಳನ್ನೇ ಕೇಳಿ ಪಡೆಯಿರಿ. ಬೆಲೆಯೂ ಕಡಿಮೆ, ಚಿವುಟುವ ಸಮಯವೂ ನಿಮ್ಮ ಕೈಯಲ್ಲೇ ಇರುತ್ತದೆ.